ಮಾವನ ಜೊತೆ ಕೊಡಗು–ನೀಲಗಿರಿ ಗಾಲ್ಫ್ ಪ್ರಯಾಣ: ಮುಳ್ಳೇರಿಯದಿಂದ ಹೊರಡುತ್ತೇವೆ, ದಾರಿ ಹೇಳಿ

ಮುಳ್ಳೇರಿಯದವ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಸೋದರಮಾವ, ಇಬ್ಬರೇ, ಡಿಸೆಂಬರ್ ಕೊನೆಯ ವಾರ ಕಾರಿನಲ್ಲಿ ಹೊರಡಬೇಕು ಅಂತ ಇದ್ದೇವೆ. ಮಡಿಕೇರಿ, ಬಿಟ್ಟಂಗಾಲ, ಪಾಲಿಬೆಟ್ಟ, ಊಟಿ, ವೆಲ್ಲಿಂಗ್ಟನ್. ಐದು ದಿನ, ಐದು ಗಾಲ್ಫ್ ಮೈದಾನ. ಇದು ಆಗುವ ಕೆಲಸವಾ?

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. 63 ವರ್ಷ. ಗಲ್ಫ್‌ನಲ್ಲಿ 27 ವರ್ಷ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಮಾಡಿದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಗ್ರೀನ್ (ಚೆಂಡು ಬೀಳಿಸುವ ಕುಳಿಯ ಸುತ್ತಲಿನ ಸಣ್ಣ ಹುಲ್ಲು) ಕತ್ತರಿಸುವುದು, ಕುಳಿ ಬದಲಾಯಿಸುವುದು, ಬಂಕರಿನ (ಮೈದಾನದ ಮರಳು ಗುಂಡಿಯ) ಮರಳು ಎಳೆಯುವುದು. ಕೆಲಸಗಾರರಿಗೆ ವಾರಕ್ಕೆ ಒಂದು ಸಂಜೆ ಅಭ್ಯಾಸದ ಜಾಗದಲ್ಲಿ ಹೊಡೆಯಲು ಬಿಡುತ್ತಿದ್ದರು. ಮೈದಾನಕ್ಕೆ ಇಳಿದು ಆಡಲು ಬಿಡುತ್ತಿರಲಿಲ್ಲ. 18 ಹೋಲ್, ಅಂದರೆ 18 ಕುಳಿಯ ಒಂದು ಪೂರ್ತಿ ಆಟ, ಅವರು ಇವತ್ತಿನವರೆಗೆ ಆಡಿಯೇ ಇಲ್ಲ. ಊರಿಗೆ ಬರುವಾಗ ಅಲ್ಲಿ ಆಡುತ್ತಿದ್ದ ಒಬ್ಬರು ಏಳು ಕ್ಲಬ್ (ಚೆಂಡು ಹೊಡೆಯುವ ಕೋಲು) ಇರುವ ಹಳೆಯ ಚೀಲ ಕೊಟ್ಟು ಕಳಿಸಿದ್ದಾರೆ. ಅಟ್ಟದಲ್ಲಿ ಅಡಿಕೆ ಗೋಣಿಯ ಪಕ್ಕ ಇತ್ತು. ಮೊನ್ನೆ ಇಳಿಸಿ ಒರೆಸಿದೆ.

ನಾನು ಮಂಗಳೂರಿನಲ್ಲಿ ಕೆಲಸಕ್ಕೆ ಇರುವಾಗ ಪಿಲಿಕುಳದಲ್ಲಿ ಆಡಲು ಕಲಿತವನು. ದೊಡ್ಡ ಆಟಗಾರ ಅಲ್ಲ.

ಪುತ್ತಿಗೆ ಅಡಿಕೆ

ಒಳ್ಳೆಯ ಯೋಚನೆ. ಗಾಲ್ಫ್ ನನಗೆ ಗೊತ್ತಿಲ್ಲ, ದಾರಿ ಗೊತ್ತು. ಮುಳ್ಳೇರಿಯದಿಂದ ಆದೂರು, ಜಾಲ್ಸೂರು, ಸುಳ್ಯ. ಅಲ್ಲಿಂದ ಸಂಪಾಜೆ ಹತ್ತಿ ಮಡಿಕೇರಿ. ಪೆಟ್ರೋಲ್ ಇಲ್ಲಿ ತುಂಬಿಸಬೇಡಿ, ಗಡಿ ದಾಟಿ ಸುಳ್ಯದಲ್ಲಿ ತುಂಬಿಸಿ. ಕರ್ನಾಟಕದಲ್ಲಿ ಕಡಿಮೆ.

ಪಾಣತ್ತೂರು–ಕರಿಕೆ–ಭಾಗಮಂಡಲ ದಾರಿಯೂ ಉಂಟು. ತುಂಬಾ ಚೆಂದ, ಎರಡೂ ಕಡೆ ಕಾಡು. ಆದರೆ ಸಪೂರ ರಸ್ತೆ, ಎದುರು ಬಸ್ ಬಂದರೆ ಹಿಂದಕ್ಕೆ ಹೋಗಿ ಜಾಗ ಕೊಡಬೇಕು. ನಿಮಗೆ ಅದು ಸುತ್ತು ಕೂಡ. ಹಿರಿಯರನ್ನು ಕೂರಿಸಿಕೊಂಡು ಹೋಗುವಾಗ ಸಂಪಾಜೆಯೇ ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದ ಮೇಲೆ ಆ ಘಾಟಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು, ನೆನಪಿರಬಹುದು. ಮಳೆಗಾಲ ಬಿಟ್ಟರೆ ಹೆದರಿಕೆ ಇಲ್ಲ.

ವಿರಾಜಪೇಟೆ ಕಾಫಿತೋಟ

ನಾನು ಬಿಟ್ಟಂಗಾಲದಲ್ಲಿ ಆಡುವವನು. ಮೊದಲು ತಾರೀಕು ಬದಲಾಯಿಸಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಡಿಕೇರಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ರೂಮಿನ ಬಾಡಿಗೆ ಕೇಳಿದರೆ ಮನೆಗೆ ವಾಪಸ್ ಹೋಗೋಣ ಅನಿಸುತ್ತದೆ.

ಎರಡನೆಯದು, ಐದು ದಿನಕ್ಕೆ ಐದು ಮೈದಾನ ಬೇಡ. 18 ಹೋಲ್ ಅಂದರೆ ನಡಿಗೆಯೇ 8 ಕಿಲೋಮೀಟರ್ ಹತ್ತಿರ ಆಗುತ್ತದೆ, ಅದೂ ಏರಿಳಿತದಲ್ಲಿ. ನಾಲ್ಕೂವರೆ ಗಂಟೆ ಬೇಕು. ಅದರ ಮೇಲೆ ಅರ್ಧ ದಿನ ಘಾಟಿಯಲ್ಲಿ ಕಾರು. ಮೂರನೇ ದಿನಕ್ಕೆ ಮಾವನವರಿಗೆ ಕ್ಲಬ್ ಎತ್ತಲು ಮನಸ್ಸು ಬರುವುದಿಲ್ಲ.

ಅವರು ಇಷ್ಟು ವರ್ಷ ಕಾದಿದ್ದು ಒಂದು ಪೂರ್ತಿ ಆಟಕ್ಕೆ ಅಲ್ವಾ? ಆ ಒಂದು ಆಟಕ್ಕೆ ಒಂದು ಇಡೀ ದಿನ ಕೊಡಿ. ಹಿಂದಿನ ರಾತ್ರಿ ವಿರಾಜಪೇಟೆಯಲ್ಲೇ ಉಳಿಯಿರಿ. ಅಲ್ಲಿಂದ ಬಿಟ್ಟಂಗಾಲ ಗೋಣಿಕೊಪ್ಪ ರಸ್ತೆಯಲ್ಲಿ ಹದಿನೈದು ನಿಮಿಷ. ಮರುದಿನವೂ ಎಲ್ಲಿಗೂ ಓಡಬೇಡಿ.

ಹೊಸೂರು ಸೆವೆನ್ ಐರನ್

ನಾನು ಇದನ್ನು ಒಪ್ಪುವುದಿಲ್ಲ. ನಾವು ನಾಲ್ಕು ಜನ ಕಳೆದ ವರ್ಷ ನಾಲ್ಕು ದಿನದಲ್ಲಿ ನಾಲ್ಕು ಮೈದಾನ ಆಡಿದೆವು. ಬೆಳಗ್ಗೆ ಆಟ, ಮಧ್ಯಾಹ್ನ ಡ್ರೈವಿಂಗ್, ರಾತ್ರಿ ನಿದ್ದೆ. ಅಷ್ಟು ದೂರ ಹೋಗಿ ಎರಡೇ ಮೈದಾನ ನೋಡಿ ಬರುವುದು ಬೇಜಾರು. ಮತ್ತೆ ಯಾವಾಗ ಹೋಗಲು ಆಗುತ್ತದೋ ಯಾರಿಗೆ ಗೊತ್ತು? ಕೊಡೈಕೆನಾಲ್ ಸೇರಿಸಿ ಅಂತಲೂ ಹೇಳುತ್ತಿದ್ದೆ. 1895ರ ಕ್ಲಬ್ ಅದು, ಕಾಡಿನ ನಡುವೆ 18 ಹೋಲ್.

ವಿರಾಜಪೇಟೆ ಕಾಫಿತೋಟ

ನಿಮ್ಮ ನಾಲ್ವರ ವಯಸ್ಸು ಎಷ್ಟು? ಕಾರು ಓಡಿಸಲು ಎಷ್ಟು ಜನ ಇದ್ದರು? ಇಲ್ಲಿ ಓಡಿಸುವವರು ಒಬ್ಬರೇ, ಅವರೂ ಆಡುವವರು. ಊಟಿಯಿಂದ ಕೊಡೈಕೆನಾಲ್‌ಗೆ ಒಂದು ಇಡೀ ದಿನ ಹೋಗುತ್ತದೆ. ಒಂದು ಬೆಟ್ಟ ಇಳಿದು, ಬಯಲು ದಾಟಿ, ಇನ್ನೊಂದು ಬೆಟ್ಟ ಹತ್ತಬೇಕು.

ಹೊಸೂರು ಸೆವೆನ್ ಐರನ್

ಓಡಿಸಲು ಮೂವರು ಇದ್ದೆವು. ಸರಿ, ಅದನ್ನು ನಾನು ಯೋಚಿಸಿರಲಿಲ್ಲ. ಕೊಡೈ ಬಿಡಿ. ಆದರೆ ಊಟಿ ಬಿಡಬೇಡಿ, ಅಷ್ಟು ಮಾತ್ರ ಕೇಳಿಕೊಳ್ಳುತ್ತೇನೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳ್ಳಗೆ, ಚೆಂಡು ಜಾಸ್ತಿ ದೂರ ಹೋಗುತ್ತದೆ. ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಅಂತ ಲೆಕ್ಕ. ಊರಿನಲ್ಲಿ 150 ಗಜ ಹೋಗುವ ಕ್ಲಬ್ ಅಲ್ಲಿ 160 ಗಜ ದಾಟುತ್ತದೆ. ಬೆಳಗ್ಗಿನ ಚಳಿಯಲ್ಲಿ ಮಾತ್ರ ಇದು ಕಾಣುವುದಿಲ್ಲ. ತಣ್ಣಗಿನ ಚೆಂಡು ಕಲ್ಲಿನ ಹಾಗೆ ಇರುತ್ತದೆ, ಹಾರುವುದೇ ಇಲ್ಲ. ಒಂದು ಚೆಂಡನ್ನು ಕಿಸೆಯಲ್ಲಿ ಬೆಚ್ಚಗೆ ಇಟ್ಟುಕೊಂಡು ಹೋಲ್‌ಗೆ ಒಮ್ಮೆ ಬದಲಾಯಿಸಿ.

ಗೂಡಲೂರು ಮೇಷ್ಟ್ರು

ನೀಲಗಿರಿ ಭಾಗ ನಾನು ಹೇಳುತ್ತೇನೆ. ಇಲ್ಲಿದ್ದು ಮೂವತ್ತು ವರ್ಷ ಆಯಿತು.

ಗೋಣಿಕೊಪ್ಪದಿಂದ ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ, ಸುಲ್ತಾನ್ ಬತ್ತೇರಿ, ಗೂಡಲೂರು, ಆಮೇಲೆ ನಡುವಟ್ಟಂ, ಪೈಕಾರ, ಊಟಿ. ನಕ್ಷೆಯಲ್ಲಿ 200 ಕಿಲೋಮೀಟರ್ ಆಸುಪಾಸು ತೋರಿಸುತ್ತದೆ. ಐದು ಗಂಟೆ ಅಂತ ನಂಬಬೇಡಿ, ಏಳು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಬೇಗ ಹೊರಟು ಗೂಡಲೂರಿನಲ್ಲಿ ಊಟ ಮಾಡಿದರೆ ಬೆಳಕಿರುವಾಗಲೇ ಊಟಿ ಸೇರುತ್ತೀರಿ. ಗೂಡಲೂರಿನಿಂದ ಮೇಲಕ್ಕೆ 50 ಕಿಲೋಮೀಟರ್. ಸಂಜೆ ನಾಲ್ಕರ ಮೇಲೆ ನಡುವಟ್ಟಂನಲ್ಲಿ ಮಂಜು ಕವಿದರೆ ಎದುರಿನ ಲಾರಿಯ ದೀಪ ಮಾತ್ರ ಕಾಣುತ್ತದೆ.

ಇನ್ನೊಂದು ವಿಷಯ. 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಕ್ಕೆ ಇ-ಪಾಸ್ ಕಡ್ಡಾಯ. ಮದ್ರಾಸ್ ಹೈಕೋರ್ಟ್ ಆದೇಶ ಅದು. ಮನೆಯಲ್ಲೇ ಕುಳಿತು ಮೊಬೈಲ್‌ನಲ್ಲಿ ಮಾಡಿಕೊಳ್ಳಿ. ಗಡಿಯಲ್ಲಿ ನಿಂತು ಮಾಡಲು ಹೋದರೆ ನೆಟ್‌ವರ್ಕ್ ಸಿಗದೆ ಒದ್ದಾಡುತ್ತೀರಿ. ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ ಕಾರಿನಲ್ಲಿ ಇರಬಾರದು, ಚೆಕ್‌ಪೋಸ್ಟ್‌ನಲ್ಲಿ ದಂಡ ಹಾಕುತ್ತಾರೆ. ಸ್ಟೀಲ್ ಬಾಟಲಿ ತನ್ನಿ.

ವಾಪಸ್ ಬರುವಾಗ ಊಟಿಯಿಂದ ಕಲ್ಹಟ್ಟಿ ಮೂಲಕ ಮಸಿನಗುಡಿಗೆ ಇಳಿಯಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 36 ಹೇರ್‌ಪಿನ್ ತಿರುವು. ಅಪಘಾತಗಳಾದ ಮೇಲೆ ಹೊರಗಿನ ವಾಹನ ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲ. ಗೂಡಲೂರಿಗೇ ಬನ್ನಿ. ಅಲ್ಲಿಂದ ಮುದುಮಲೈ, ಬಂಡೀಪುರ ದಾಟಿ ಮೈಸೂರು ಕಡೆ ಹೋಗುವುದಾದರೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. 2009ರಿಂದಲೂ ಹಾಗೆ.

ಕುಂಬಳೆ ಅಕ್ಕ

ನಾನು ಫಿಸಿಯೋಥೆರಪಿಸ್ಟ್. ತಮ್ಮಾ, ಮಾವನ ಮಂಡಿ ಹೇಗಿದೆ? ಅದನ್ನು ನೀನು ಬರೆಯಲೇ ಇಲ್ಲ. ಮಂಡಿ ನೋಯುವುದು ಹತ್ತುವಾಗ ಅಲ್ಲ, ಇಳಿಯುವಾಗ. ಇವತ್ತಿನಿಂದಲೇ ದಿನಾ ತೋಟದ ಗುಡ್ಡ ಹತ್ತಿ ಇಳಿಯಲು ಹೇಳು. ಮೊದಲ ವಾರ ಇಪ್ಪತ್ತು ನಿಮಿಷ ಸಾಕು. ನಾಲ್ಕನೇ ವಾರಕ್ಕೆ ಒಂದು ಗಂಟೆ ಆಗಲಿ. ಕಾರಿನಲ್ಲಿ ಒಂದೂವರೆ ಗಂಟೆಗೊಮ್ಮೆ ಇಳಿದು ನಡೆಯಬೇಕು. ಗಂಟೆಗಟ್ಟಲೆ ಕೂತು ಎದ್ದವರು ನೇರ ಹೋಗಿ ಜೋರಾಗಿ ಬೀಸಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಇದನ್ನು ನಾನು ವಾರಕ್ಕೆ ಒಬ್ಬರಲ್ಲಾದರೂ ನೋಡುತ್ತೇನೆ.

ಘಾಟಿಯಲ್ಲಿ ಹೊಟ್ಟೆ ತೊಳೆಸುವವರಾದರೆ ಮುಂದಿನ ಸೀಟಿನಲ್ಲಿ ಕೂರಿಸು. ಖಾಲಿ ಹೊಟ್ಟೆ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ. ಎರಡು ಇಡ್ಲಿ ಸಾಕು. ಪುನರ್ಪುಳಿ ಶರಬತ್ತು ಒಂದು ಬಾಟಲಿ ಇಟ್ಟುಕೊಳ್ಳಿ.

ಮುಳ್ಳೇರಿಯದವ

ಅಕ್ಕಾ, ಎಡ ಮಂಡಿ ಸ್ವಲ್ಪ ನೋವುಂಟು. ನಾನು ಕೇಳಿದರೆ ಇಲ್ಲ ಅನ್ನುತ್ತಾರೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ, ನಾನು ನೋಡಿದ್ದೇನೆ. ನೀವು ಹೇಳಿದ ಹಾಗೆ ಇವತ್ತು ಸಂಜೆಯಿಂದಲೇ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ.

ಐದು ಮೈದಾನ ಬಿಟ್ಟೆ. ಬಿಟ್ಟಂಗಾಲ, ಊಟಿ. ಆರು ದಿನ. ಜನವರಿಯಲ್ಲಿ.

ನಿನ್ನೆ ಅವರಿಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಯಾವ ಹುಲ್ಲು?" ಗಲ್ಫ್‌ನಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಬರ್ಮುಡಾ. ಅಂದರೆ ನಮ್ಮ ಗರಿಕೆ. ಮಧೂರಿನಲ್ಲಿ ಗಣಪತಿಗೆ ಇಡುವ ಅದೇ ಗರಿಕೆ! ನನಗೆ ಇದು ಗೊತ್ತೇ ಇರಲಿಲ್ಲ. ಅಂಗಳದ ಬದಿಯಿಂದ ಒಂದು ಎಸಳು ಕಿತ್ತು ಉಗುರಿನ ಮೇಲೆ ಇಟ್ಟು ತೋರಿಸಿದರು. ಗ್ರೀನಿನಲ್ಲಿ ಇದರ ಸಣ್ಣ ಜಾತಿಯನ್ನು ಮೂರು ಮಿಲಿಮೀಟರಿಗೆ ಕತ್ತರಿಸಿ ನಿಲ್ಲಿಸುತ್ತಿದ್ದರಂತೆ. ಅಕ್ಕಿ ಕಾಳಿನ ಅರ್ಧ ಉದ್ದ. ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಅವರಿಗೆ ಕಾಲಿನ ಅಡಿಯಲ್ಲೇ ಗೊತ್ತಾಗುತ್ತದಂತೆ.

ವಿರಾಜಪೇಟೆ ಕಾಫಿತೋಟ

ಓದಿ ಖುಷಿಯಾಯಿತು. ಹಾಗಾದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಡಿ. ನಮ್ಮ ಬೆಟ್ಟದ ಮೈದಾನಗಳ ಗ್ರೀನ್ ಅಷ್ಟು ಸಣ್ಣಗೆ ಇರುವುದಿಲ್ಲ. ನಿಧಾನ ಇರುತ್ತದೆ, ಚೆಂಡನ್ನು ಸ್ವಲ್ಪ ಗಟ್ಟಿಯಾಗಿ ತಳ್ಳಬೇಕು. ಬಿಸಿಲು ಮರದ ಮೇಲೆ ಬರುವವರೆಗೆ ಇಬ್ಬನಿ ಆರುವುದಿಲ್ಲ.

ಅವರು ಅಭ್ಯಾಸ ಮಾಡಿದ್ದು ಸಮತಟ್ಟಾದ ಜಾಗದಲ್ಲಿ ಅಲ್ವಾ? ಇಲ್ಲಿ ಎರಡು ಕಾಲೂ ಒಂದೇ ಮಟ್ಟದಲ್ಲಿ ನಿಲ್ಲುವುದು ಅಪರೂಪ. ಬಲಗೈ ಆಟಗಾರನಿಗೆ ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಮೇಲಿದ್ದಾಗ ಕ್ಲಬ್ಬನ್ನು ಒಂದು ಇಂಚು ಕೆಳಗೆ ಹಿಡಿಯಬೇಕು. ನಿಮ್ಮ ತೋಟದ ಇಳಿಜಾರಿನಲ್ಲೇ ಇದನ್ನು ಅಭ್ಯಾಸ ಮಾಡಿಸಿ. ಚೆಂಡು ಬೇಡ, ಒಂದು ಒಣ ಅಡಿಕೆ ಇಟ್ಟು ಬೀಸಿದರೂ ಸಾಕು. ಮುಕ್ಕಾಲು ಬಲ. ಪೂರ್ತಿ ಬೀಸಿದರೆ ಇಳಿಜಾರಿನಲ್ಲಿ ಕಾಲು ಜಾರುತ್ತದೆ.

ಕ್ಲಬ್ಬಿಗೆ ಮೊದಲೇ ಫೋನ್ ಮಾಡಿ. ಇವೆಲ್ಲ ಸದಸ್ಯರ ಕ್ಲಬ್, ಹೊರಗಿನವರಿಗೆ ಶುಲ್ಕ ಬೇರೆ, ಪಂದ್ಯ ಇರುವ ದಿನ ಆಡಲು ಬಿಡುವುದಿಲ್ಲ. ವಾರದ ನಡುವಿನ ದಿನ ಕೇಳಿ. ಕಾಲರ್ ಇರುವ ಅಂಗಿ ಹಾಕಿಕೊಳ್ಳಿ, ಜೀನ್ಸ್ ಬೇಡ. ಕ್ಯಾಡಿ ತೆಗೆದುಕೊಳ್ಳಿ. ಚೀಲ ಹೊರುವುದಕ್ಕಷ್ಟೇ ಅಲ್ಲ, ಚೆಂಡು ಕಾಫಿ ಗಿಡದ ಕಡೆ ಹೋದರೆ ಎಲ್ಲಿ ಬಿತ್ತು ಅಂತ ಅವರಿಗೇ ಗೊತ್ತಾಗುವುದು. 2019ರ ನಿಯಮದಲ್ಲಿ ಹುಡುಕಲು ಮೂರೇ ನಿಮಿಷ. ಮೊದಲಿನ ಹಾಗೆ ಐದು ನಿಮಿಷ ಇಲ್ಲ.

ಪುತ್ತಿಗೆ ಅಡಿಕೆ

ಕಾರು ಯಾವುದು? ಸಣ್ಣ ಕಾರಿನ ಡಿಕ್ಕಿಯಲ್ಲಿ ಆ ಚೀಲ ಅಡ್ಡಕ್ಕೆ ಹಿಡಿಯುತ್ತದಾ? ನನ್ನ ಭಾವನ ಮಗ ಅದಕ್ಕೆಂದೇ ಹಿಂದಿನ ಸೀಟು ಮಡಚುತ್ತಾನೆ.

ಮುಳ್ಳೇರಿಯದವ

ಸ್ವಿಫ್ಟ್. ಹಿಡಿಯುವುದಿಲ್ಲ. ಡ್ರೈವರ್ ಅನ್ನುವ ಉದ್ದದ ಕ್ಲಬ್ 45 ಇಂಚು, ಅದನ್ನು ಹೊರಗೆ ತೆಗೆದು ಬೆಡ್‌ಶೀಟ್‌ನಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಓರೆಯಾಗಿ ಇಟ್ಟೆ. ಉಳಿದದ್ದು ಡಿಕ್ಕಿಯಲ್ಲಿ ಕೂತಿತು.

ತಾಳವಾಡಿ ಗೆಳೆಯ

ಬೇರೆ ಎಲ್ಲವನ್ನೂ ಹೇಳಿದ್ದಾರೆ, ಇಳಿಯುವುದನ್ನು ಯಾರೂ ಹೇಳಲಿಲ್ಲ. ನಾನು ವಾರಕ್ಕೆ ಎರಡು ಸಲ ದಿಂಬಂ ಘಾಟಿಯ 27 ತಿರುವು ಇಳಿಯುವವನು. ಹತ್ತಿದ ಗೇರಿನಲ್ಲೇ ಇಳಿಯಬೇಕು. ಎರಡನೇ ಗೇರು, ಕಡಿದಾದ ಕಡೆ ಒಂದನೇ ಗೇರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಮೊದಲ ಸಲ ಕೂನೂರಿನಿಂದ ಮೆಟ್ಟುಪಾಳಯಕ್ಕೆ ಇಳಿದಾಗ ನಾನು ಅದೇ ತಪ್ಪು ಮಾಡಿದೆ. ಬರ್ಲಿಯಾರ್ ಹತ್ತಿರ ಸುಟ್ಟ ವಾಸನೆ ಬಂತು. ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಗುಡ್ಡದ ಕಡೆಯ ಮಣ್ಣಿಗೆ ತಾಗಿಸಿ ನಿಲ್ಲಿಸಿದೆ. ಹೆಂಡತಿ, ಮಗು ಒಳಗಿದ್ದರು. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಇವತ್ತಿಗೂ ಆ ತಿರುವು ಬಂದರೆ ಅಂಗೈ ಬೆವರುತ್ತದೆ.

ಹತ್ತುವ ವಾಹನಕ್ಕೆ ಮೊದಲು ದಾರಿ ಬಿಡಿ. ಆನೆ ಕಂಡರೆ ಹಾರ್ನ್ ಬೇಡ, ಫೋಟೋ ಬೇಡ, ಇಳಿಯುವುದಂತೂ ಬೇಡವೇ ಬೇಡ.

ಗೂಡಲೂರು ಮೇಷ್ಟ್ರು

ಆನೆಗಿಂತ ಇಲ್ಲಿ ಮೈದಾನದಲ್ಲಿ ಕಾಟಿಯ (ಕಾಡುಕೋಣದ) ಭಯ ಜಾಸ್ತಿ. ಕೂನೂರು, ಕೋಟಗಿರಿ ಕಡೆ ಊರೊಳಗೇ ಬರುತ್ತವೆ. ಒಂಟಿ ಕಾಟಿ ಚೆಂಡಿನ ಹತ್ತಿರ ನಿಂತಿದ್ದರೆ ಚೆಂಡು ಬಿಟ್ಟು ಬನ್ನಿ.

ಹೊಸೂರು ಸೆವೆನ್ ಐರನ್

ಅದಕ್ಕೆ ನಿಯಮವೇ ಇದೆ. ಅಪಾಯದ ಪ್ರಾಣಿ ಹತ್ತಿರ ಇದ್ದರೆ ಬೇರೆ ಸುರಕ್ಷಿತ ಜಾಗದಲ್ಲಿ ಚೆಂಡು ಇಳಿಸಿ ಆಡಬಹುದು, ದಂಡದ ಹೊಡೆತ ಇಲ್ಲ. ನಿಯಮ 16.2. ಮಾವನವರ ಲೆಕ್ಕ ಕೆಡುವುದಿಲ್ಲ.

ಊಟಿ ಜಿಮ್ಖಾನಾ ಮೈದಾನ ಇರುವುದು ಫಿಂಗರ್ ಪೋಸ್ಟ್ ಹತ್ತಿರ. ಗೂಡಲೂರು ಕಡೆಯಿಂದ ಬರುವವರಿಗೆ ಪೇಟೆಯ ಗದ್ದಲಕ್ಕೆ ಮೊದಲೇ ಸಿಗುತ್ತದೆ. ಆ ಕಡೆಯೇ ರೂಮ್ ಮಾಡಿ. ಇನ್ನೊಂದು ಮುಖ್ಯ ವಿಷಯ. ಜನವರಿಯಲ್ಲಿ ಅಲ್ಲಿ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಹುಲ್ಲು ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಕಾಲಿಟ್ಟರೆ ಎಸಳು ಒಡೆದು ಹೋಗುತ್ತದೆ, ಆಮೇಲೆ ಹೆಜ್ಜೆ ಹೆಜ್ಜೆಗೂ ಕಪ್ಪು ಕಲೆ. ಕರಗುವವರೆಗೆ ಕಾಯಬೇಕು. ಒಂಬತ್ತರ ಮೇಲಿನ ಸಮಯ ಕೇಳಿ. ಪೊಂಗಲ್ ರಜೆ ಮುಗಿಯಲಿ, ಜನವರಿ 26ರ ಹತ್ತಿರವೂ ಬೇಡ. ಅದರ ನಡುವೆ ಸಿಗುವ ಸೋಮವಾರದಿಂದ ಶುಕ್ರವಾರ ಹಿಡಿಯಿರಿ.

ಮುಳ್ಳೇರಿಯದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಹೊರಡುತ್ತೇವೆ. ಇ-ಪಾಸ್ ಆಯಿತು. ಎರಡೂ ಕ್ಲಬ್ಬಿಗೆ ಫೋನ್ ಆಯಿತು. ಮಾವ ಈಗ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದಿಲ್ಲ, ಗುಡ್ಡ ಇಳಿಯುವಾಗ ನನ್ನ ಕೈಯನ್ನೂ ಹಿಡಿಯುವುದಿಲ್ಲ.

ಮುಳ್ಳೇರಿಯದವ

ನಿನ್ನೆ ರಾತ್ರಿ ಮನೆ ಸೇರಿದೆವು. ನೀವೆಲ್ಲ ಕೇಳುತ್ತೀರಿ ಅಂತ ಗೊತ್ತು, ಹಾಗಾಗಿ ಮಲಗಿ ಎದ್ದ ಕೂಡಲೇ ಬರೆಯುತ್ತಿದ್ದೇನೆ.

ಬಿಟ್ಟಂಗಾಲಕ್ಕೆ ಬೆಳಗ್ಗೆ ಏಳೂವರೆಗೆ ಹೋದೆವು. ಆಟ ಎಂಟೂವರೆಗೆ. ಮೊದಲ ಗ್ರೀನಿನಲ್ಲಿ ಒಬ್ಬರು ಉದ್ದದ ಬಿದಿರಿನ ಕೋಲು ಹಿಡಿದು ಇಬ್ಬನಿ ಬಡಿಯುತ್ತಿದ್ದರು. ಮಾವ ಚೀಲ ನನ್ನ ಕೈಗೆ ಕೊಟ್ಟು ಸೀದಾ ಅವರ ಹತ್ತಿರ ಹೋದರು. ಏನು ಮಾತಾಡಿದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಕೋಲು ಮಾವನ ಕೈಯಲ್ಲಿತ್ತು. ಮೊಣಕೈ ಮೈಗೆ ತಾಗಿಸಿ, ಸೊಂಟದಿಂದ ತಿರುಗಿ, ಗದ್ದೆಯಲ್ಲಿ ಕುಡುಗೋಲು ಬೀಸುವ ಹಾಗೆ ಅರ್ಧ ಚಂದ್ರಾಕಾರದಲ್ಲಿ ಬೀಸಿದರು. ಅವರು ಬೀಸಿದ ಕಡೆ ಹುಲ್ಲಿನ ಬಣ್ಣ ಬೂದಿಯಿಂದ ಹಸಿರಿಗೆ ತಿರುಗುತ್ತಾ ಹೋಯಿತು. ಆ ಗ್ರೀನ್ ಮುಗಿಸಿಯೇ ಬಂದರು. ಹೀಗೆ ಬಡಿದರೆ ಬೇಗ ಆರುತ್ತದೆ, ಹುಲ್ಲಿಗೆ ರೋಗ ಕಡಿಮೆ ಅಂತ ನನಗೆ ವಿವರಿಸಿದರು.

18 ಹೋಲ್ ಮುಗಿಸಲು ಐದು ಗಂಟೆ ಹತ್ತಿರ ಆಯಿತು. ಹಿಂದಿನಿಂದ ಬಂದವರನ್ನು ಎರಡು ಸಲ ಮುಂದೆ ಬಿಟ್ಟೆವು. ಮಾವನ ಲೆಕ್ಕ 121 ಹೊಡೆತ. ಒಂದೇ ಒಂದು ಪಾರ್ (ಆ ಹೋಲ್‌ಗೆ ನಿಗದಿಯಾದಷ್ಟೇ ಹೊಡೆತ), ಸಣ್ಣ ಹೋಲ್‌ನಲ್ಲಿ. ಬಂಕರಿನಿಂದ ಹೊರಗೆ ಬಂದ ಮೇಲೆ ಪ್ರತಿ ಸಲವೂ ಮರಳನ್ನು ಅವರೇ ಎಳೆದರು. ಕ್ಯಾಡಿ ನಾನು ಮಾಡುತ್ತೇನೆ ಅಂದರೂ ಬಿಡಲಿಲ್ಲ.

ಮರುದಿನ ಎಲ್ಲಿಗೂ ಹೋಗಲಿಲ್ಲ. ಕಾಫಿತೋಟದ ಅಣ್ಣ ಮನೆಗೆ ಕರೆದು ಕಡುಬು, ಸಾರು ಹಾಕಿದರು. ಅವರ ಮಾತು ಕೇಳದೆ ಇದ್ದಿದ್ದರೆ ಆ ದಿನ ನಾವು ಕಾರಿನಲ್ಲಿ ಇರುತ್ತಿದ್ದೆವು.

ಊಟಿಯಲ್ಲಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಾವ ಹುಲ್ಲಿನ ಮೇಲೆ ಹೀಗೆ ಆಗುವುದನ್ನು ಜೀವನದಲ್ಲೇ ನೋಡಿರಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮುಟ್ಟದೆ, ಕರಗುವವರೆಗೆ ನೋಡುತ್ತಲೇ ಇದ್ದರು. ಅಲ್ಲಿ 9 ಹೋಲ್ ಆದ ಮೇಲೆ ಮಂಡಿ ಸ್ವಲ್ಪ ಹಿಡಿಯಿತು. ಅಕ್ಕ ಹೇಳಿದ್ದು ನೆನಪಾಗಿ ಅಲ್ಲಿಗೇ ನಿಲ್ಲಿಸಿದೆವು. ಹೊರಡುವಾಗ ಗೂಡಲೂರು ಕಡೆ ಎರಡನೇ ಗೇರಿನಲ್ಲೇ ಇಳಿದೆ ಅಂತ ತಾಳವಾಡಿಯವರಿಗೆ ಹೇಳಬೇಕು.

ಕುಂಬಳೆ ಅಕ್ಕ

9ಕ್ಕೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಎರಡು ದಿನ ಐಸ್ ಇಡು, ಗುಡ್ಡ ಹತ್ತುವುದನ್ನು ಮೂರು ದಿನ ಬಿಟ್ಟು ಮತ್ತೆ ಶುರುಮಾಡಲಿ. ಪೂರ್ತಿ ನಿಲ್ಲಿಸಬಾರದು.

ವಿರಾಜಪೇಟೆ ಕಾಫಿತೋಟ

ಗ್ರೀನ್ ನೋಡಿಕೊಳ್ಳುವವರು ನಿನ್ನೆ ನನ್ನ ಹತ್ತಿರ ಕೇಳಿದರು, ಆ ಕಾಸರಗೋಡಿನ ಹಿರಿಯರು ಮತ್ತೆ ಯಾವಾಗ ಬರುತ್ತಾರೆ ಅಂತ. ಎಂಟನೇ ಗ್ರೀನಿನ ಒಂದು ಮೂಲೆಯಲ್ಲಿ ಹುಲ್ಲು ಕೆಂಪಾಗುತ್ತಿದೆ, ತೋರಿಸಬೇಕಂತೆ. ಮಾರ್ಚ್‌ನಲ್ಲಿ ಕಾಫಿ ಹೂವಿನ ಮಳೆ ಬಿದ್ದ ಮೇಲೆ ಬನ್ನಿ. ಪಾಲಿಬೆಟ್ಟದಲ್ಲಿ 9 ಹೋಲ್ ಸಾಕಲ್ವಾ, ಅವರ ಮಂಡಿಗೂ ಹೊಂದುತ್ತದೆ.

ಮುಳ್ಳೇರಿಯದವ

ಈ ಮಾತನ್ನು ಮಾವನಿಗೆ ಓದಿ ಹೇಳಿದೆ. ಕೆಂಪಾದ ಜಾಗದ ಫೋಟೋ ಕಳಿಸಲು ಹೇಳಿದ್ದಾರೆ, ಅಂಚು ಉರುಟಾಗಿದೆಯಾ ಅಡ್ಡಾದಿಡ್ಡಿಯಾ ಅಂತ ಕಾಣಬೇಕಂತೆ. ಹತ್ತಿರದಿಂದ ಒಂದು, ದೂರದಿಂದ ಒಂದು ಕಳಿಸಿ ಅಣ್ಣಾ.